ಮದರಬಿಯ ಬಲೆ ಹರಿದಿರಲಿಲ್ಲ

ಮೊದಲಿಗೇ ಹೇಳಿಬಿಡುತ್ತೇನೆ, ನಡುವೆ ಯಾರೂ ಬಾಯಿ ಹಾಕಬಾರದು. ಹೊಳೆಮಣ್ಣೂರಿನ ಮದರಬಿ ಹೆಣೆದ ಬಲೆ ಹರಿದಿರಲಿಲ್ಲ. ರೋಣದ ಬಸ್ ಸ್ಟ್ಯಾಂಡಿನಿಂದ ನರಗುಂದದ ಸಂತೆಯವರೆಗೆ ಆಕೆಯನ್ನು 'ಹರಕಬಲಿ' ಎಂದು ಕರೆದವರೆಲ್ಲ ಸುಳ್ಳು ಹೇಳಿದ್ದಾರೆ. ಮೂರು ವರ್ಷ ಆ ಸುಳ್ಳನ್ನು ಕೇಳಿಯೂ ಕೇಳದವನ ಹಾಗೆ ತಿರುಗಿದವನು ನಾನು, ಗೋಪಾಲಕೃಷ್ಣ, ರೋಣದ ಒಂದು ಹೈಸ್ಕೂಲಿನಲ್ಲಿ ಆಟದ ಮಾಸ್ತರ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ನನ್ನ ಹತ್ತಿರ ಪಟ್ಟಿಯೇ ಇದೆ. ಅದರ ಕೊನೆಯ ಹೆಸರನ್ನು ಕೊನೆಗೇ ಹೇಳುತ್ತೇನೆ.

ಮದರಬಿಗೆ ಆಗ ಅರವತ್ತರ ಹತ್ತಿರ. ಆಕೆಯ ತಂದೆ ಟಿಪ್ಪುಸಾಬ ಮಲಪ್ರಭೆಯಲ್ಲಿ ಮೀನು ಹಿಡಿಯುವವರಿಗೆ ಬಲೆ ಹೆಣೆದು ಕೊಡುತ್ತಿದ್ದ. ಗಂಡುಮಕ್ಕಳಿದ್ದರೂ ಅವರಿಗೆ ತಾಳ್ಮೆ ಇಲ್ಲವೆಂದು ಕಸಬನ್ನು ಮಗಳಿಗೆ ಕಲಿಸಿದ. ತಾಳ್ಮೆ ಎಂದರೆ ಬೆರಳಿನದು ಮಾತ್ರ, ಅದು ಆಕೆಯ ಬಾಯಿಯವರೆಗೆ ಬಂದಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಂಟು ಹಾಕುವಾಗ ಯಾರಾದರೂ ಮಾತಾಡಿಸಿದರೆ ಕೈಯಲ್ಲಿದ್ದ ಬಿದಿರಿನ ಸೂಜಿಯಿಂದಲೇ ಬಾಗಿಲು ತೋರಿಸುತ್ತಿದ್ದಳು. ಆದರೂ ಜನ ಬರುತ್ತಿದ್ದರು. ಮೀನಿನ ಬಲೆಗೆ ಹೊಳೆಯವರು, ಹೊಟ್ಟು ತುಂಬುವ ಬಲೆಗೆ ಶಿರೋಳ, ಸವಡಿಯ ರೈತರು.

ಆಕೆಯ ಎಲ್ಲ ಬಲೆಗಳಿಗೂ ಒಂದು ಗುರುತು ಇತ್ತು. ಮೂಲೆಯ ಹತ್ತಿರ ಒಂದೇ ಒಂದು ಗಂಟನ್ನು ಹಾಕದೆ ಬಿಡುತ್ತಿದ್ದಳು. ಒಂದು ಗಂಟು ಬಿಟ್ಟರೆ ನಾಲ್ಕು ಕಣ್ಣು ಕೂಡಿ ಒಂದು ದೊಡ್ಡ ಕಣ್ಣಾಗುತ್ತದೆ. ಅದಕ್ಕೆ ಆ ಮನೆಯವರು 'ಹೊಳಿ ಪಾಲು' ಎನ್ನುತ್ತಿದ್ದರು. ಹೊಳೆಯಲ್ಲಿದ್ದದ್ದನ್ನೆಲ್ಲ ಬಾಚಿಕೊಳ್ಳಬಾರದು, ಒಂದಾದರೂ ಮೀನು ತಪ್ಪಿಸಿಕೊಂಡು ಹೋಗಲಿ ಎಂದು ಟಿಪ್ಪುಸಾಬನ ಕಾಲದಿಂದ ಬಂದ ಪದ್ಧತಿ. ಹಾಗೆಂದು ಹೊಳೆಯ ಮೇಲೆ ಆಕೆಗೆ ಭಕ್ತಿ ಇತ್ತೆಂದು ತಿಳಿಯಬೇಡಿ. ನೀರು ಅಂಗಳಕ್ಕೆ ನುಗ್ಗಿದ ವರ್ಷ ಮನೆಯವರು ಪೆಟ್ಟಿಗೆ ಹೊತ್ತು ಓಡಿದರೆ ಮದರಬಿ ಸೂಜಿ ಮತ್ತು ಅಳತೆಯ ಹಲಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತು ಹೊಳೆಗೇ ಬೈದಳಂತೆ.

"ನಿನ್ನ ಪಾಲ ನಿನಗ ಬಿಟ್ಟೇನಿ. ಮತ್ತ ನನ್ನ ಮನಿಗ್ಯಾಕ ಬಂದಿ?"

೨೦೦೬ರಲ್ಲಿ ಹುಬ್ಬಳ್ಳಿಯಿಂದ ಶ್ರೀಕೃಷ್ಣ ಬಂದ. ಆಟದ ಸಾಮಾನು ಒದಗಿಸುವ ಏಜೆಂಟ. ರೋಣ, ನರಗುಂದ, ಗಜೇಂದ್ರಗಡದ ಶಾಲೆಗಳಿಗೆಲ್ಲ ಅವನೇ ಚೆಂಡು, ಬ್ಯಾಟು ತಂದು ಹಾಕುತ್ತಿದ್ದ. ಏಷ್ಯಾದ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಆಡುವ ಒಂದು ಫುಟ್‌ಬಾಲ್ ಕಪ್ಪು, ಅದರ ಅರ್ಹತಾ ಸುತ್ತಿನಲ್ಲಿ ಕರಾವಳಿ ಕಡೆಯ ಒಂದು ಕ್ಲಬ್ಬು ಆಡುವುದಿತ್ತು. ಒಂದು ಪಂದ್ಯ ಎದುರಾಳಿಗಳ ದೇಶದಲ್ಲಿ, ಒಂದು ನಮ್ಮಲ್ಲಿ. ಎರಡೂ ಕಡೆಯ ಗೋಲು ಕೂಡಿಸಿದಾಗ ಯಾರದು ಹೆಚ್ಚೋ ಅವರು ಮುಂದಿನ ಸುತ್ತಿಗೆ, ಕಡಿಮೆಯಾದವರು ಮನೆಗೆ. ನಮ್ಮ ಕಡೆಯ ಮೈದಾನದ ಗೋಲಿನ ಬಲೆಗಳನ್ನು ಇಲಿ ಕಡಿದುಹಾಕಿದ್ದವು.

"ಹತ್ತ ದಿನದಾಗ ಎರಡು ಬಲಿ ಬೇಕ್ರಿ ಮಾಸ್ತರ. ಕೈಲೆ ಹೆಣದದ್ದು ಗಟ್ಟಿ ಇರ್ತದ. ನಿಮ್ಮ ಕಡೆ ಯಾರರ ಅದಾರೇನು?" ಎಂದ. ಮಾಡಿಸಿಕೊಟ್ಟರೆ ನಮ್ಮ ಶಾಲೆಗೆ ಹನ್ನೆರಡು ಹೊಸ ಚೆಂಡು ಎಂದೂ ಹೇಳಿದ.

ಅಳತೆ ಬರೆದುಕೊಂಡು ನಾನೇ ಹೊಳೆಮಣ್ಣೂರಿಗೆ ಹೋದೆ. ಮದರಬಿ ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿದಳು.

"ಇದರಾಗ ಏನ ಹಿಡೀತಾರ್ರಿ?"

"ಚೆಂಡು."

"ಹಿಡದು?"

"ತಗದು ನಡುವ ಇಟ್ಟು ಮತ್ತ ಆಡ್ತಾರ."

"ಬಿಡೂದ ಖರೇ ಆದ್ರ ಹಿಡಿಯೂದ್ಯಾಕ?" ಎಂದು ಬೈದುಕೊಳ್ಳುತ್ತಲೇ ದಾರ ಸುತ್ತತೊಡಗಿದಳು.

ಒಂಬತ್ತನೆಯ ದಿನ ಬಲೆಗಳನ್ನು ಅಂಗಳದಲ್ಲಿ ಬಿಡಿಸಿ ನೋಡಿದೆ. ಅಂಥ ಕೆಲಸವನ್ನು ನಾನು ಮತ್ತೆ ನೋಡಿಲ್ಲ. ಒಂದೊಂದು ಕಣ್ಣೂ ಅಳೆದಿಟ್ಟಂತೆ ಸಮ. ಆದರೆ ಎರಡು ಬಲೆಯ ಮೂಲೆಯಲ್ಲೂ ಹೊಳೆಯ ಪಾಲು ಇತ್ತು.

"ಚೆಂಡು ಮೀನಲ್ಲ ಮದರಬಿ. ಈ ಗಂಟ ಹಾಕಿಬಿಡ್ರಿ."

"ಬಲಿ ಬಲಿನ. ಪಾಲ ಬಿಡಲಾರದ ಬಲಿ ನನ್ನ ಕೈಯಾಗಿಂದ ಹೊರಗ ಹೋಗೂದಿಲ್ಲ. ನಿಮಗ ಬ್ಯಾಡಾದ್ರ ಅಲ್ಲಿ ಹೋಗಿ ಕಟ್ಟಿಕೊಳ್ರಿ. ಒಂದೊಂದ ಗಂಟು, ಅಷ್ಟ."

ಅದಕ್ಕೆಂದೇ ಗೇಣುದ್ದದ ಎರಡು ದಾರ ಕತ್ತರಿಸಿ ನನ್ನ ಕೈಗೆ ಕೊಟ್ಟಳು. ನಾನು ಅವನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ರೋಣದ ಬಸ್ ಸ್ಟ್ಯಾಂಡಿನಲ್ಲಿ ಶ್ರೀಕೃಷ್ಣ ಕಾಯುತ್ತಿದ್ದ. ಹುಬ್ಬಳ್ಳಿ ಬಸ್ಸು ಹೊರಡುವುದರಲ್ಲಿತ್ತು. ಬಲೆಗಳ ಮೂಟೆಯನ್ನು ಕಿಟಕಿಯಿಂದ ತೂರಿಸಿ ನಾನು ಕೇಳಿದ್ದು ಒಂದೇ ಮಾತು, ಚೆಂಡು ಯಾವಾಗ ಬರುತ್ತವೆ ಎಂದು. ದಾರದ ಮಾತು ಬಾಯಿಗೆ ಬರಲಿಲ್ಲ. ಬಸ್ಸು ಹೋಯಿತು.

ನಮ್ಮ ಕ್ಲಬ್ಬು ಆಚೆ ದೇಶದಲ್ಲಿ ಒಂದು ಗೋಲಿನಿಂದ ಸೋತು ಬಂದಿತ್ತು. ಇಲ್ಲಿ ಒಂದು ಹೊಡೆದರೆ ಸಮ, ಎರಡು ಹೊಡೆದರೆ ಗೆಲುವು. ಬಹಳ ಹೊತ್ತು ಯಾರಿಗೂ ಗೋಲು ಸಿಗಲಿಲ್ಲ. ಕೊನೆಯ ಗಳಿಗೆಯಲ್ಲಿ ನಮ್ಮ ಹುಡುಗನೊಬ್ಬ ಹೊಡೆದ ಚೆಂಡು ಕಂಬದ ಒಳಬದಿಯಿಂದಲೇ ಹೋಯಿತು. ಹೋದದ್ದು ಮೂಲೆಯ ಆ ಕಣ್ಣಿನಿಂದ ಹೊರಗೆ ಬಂದು ಜಾಹೀರಾತಿನ ಹಲಗೆಗೆ ಬಡಿಯಿತು. ದೂರದಲ್ಲಿದ್ದ ರೆಫರಿಗೆ ಕಂಡದ್ದು ಕಂಬದ ಹೊರಗೆ ಬಿದ್ದ ಚೆಂಡು. ಗೋಲು ಕೊಡಲಿಲ್ಲ. ಕ್ಲಬ್ಬು ಮನೆಗೆ ಹೋಯಿತು. ಮರುದಿನ ಪೇಪರಿನಲ್ಲಿ ಒಬ್ಬ ಆಟಗಾರ ಆ ಕಣ್ಣಿನಲ್ಲಿ ತಲೆ ತೂರಿಸಿ ನಿಂತ ಫೋಟೊ, ಕೆಳಗೆ 'ಹರಿದ ಬಲೆ' ಎಂದು ಎರಡು ಪದ.

ಬರೆದವನು ಬಲೆಯನ್ನು ಮುಟ್ಟಿ ನೋಡಿದ್ದನೇ? ಹರಿದ ದಾರಕ್ಕೆ ಜುಂಗು ಇರುತ್ತದೆ, ಬಿಟ್ಟ ಕಣ್ಣಿನ ಅಂಚು ನುಣ್ಣಗಿರುತ್ತದೆ. ಹೊಳೆಮಣ್ಣೂರಿನ ಕುರುಡನೂ ಇದನ್ನು ಬೆರಳಿನಿಂದ ಹೇಳುತ್ತಾನೆ. ಸ್ಟಾಫ್ ರೂಮಿನಲ್ಲಿ ಪೇಪರು ಓದಿ ಸಿಟ್ಟಿನಿಂದ ಅದನ್ನು ಮೇಜಿಗೆ ಬಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಹೋದದ್ದು ಜೇಬಿಗೆ. ಎರಡೂ ದಾರ ಅಲ್ಲೇ ಇದ್ದವು.

ಶ್ರೀಕೃಷ್ಣ ತನ್ನ ಚರ್ಮ ಉಳಿಸಿಕೊಳ್ಳಲು ಊರೂರಿಗೆ ಹೇಳಿದ, ಹೊಳೆಮಣ್ಣೂರಿನ ಮುದುಕಿ ಹರಕು ಬಲೆ ಕೊಟ್ಟು ದೇಶದ ಮಾನ ಕಳೆದಳು ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಜೇಂದ್ರಗಡದಲ್ಲಿ ನಕ್ಕರು, ನರಗುಂದದಲ್ಲಿ ಹೆಸರಿಟ್ಟರು. ಫುಟ್‌ಬಾಲನ್ನು ಜನ್ಮದಲ್ಲಿ ನೋಡದವರಿಗೂ 'ಹರಕಬಲಿ' ಎನ್ನುವುದು ಬಾಯಿಪಾಠವಾಯಿತು. ಹೊಟ್ಟಿನ ಬಲೆಗೆ ಬರುತ್ತಿದ್ದ ರೈತರು ಪ್ಲಾಸ್ಟಿಕ್ ಚೀಲದ ಕಡೆ ತಿರುಗಿದರು.

ಒಂದು ಸಂತೆಯ ದಿನ ಮದರಬಿ ಸೊಸೆ ಮುಬೀನಾಳನ್ನು ಕರೆದುಕೊಂಡು ಶಾಲೆಗೇ ಬಂದಳು. ಸೊಸೆ ಏಳನೆಯ ಇಯತ್ತೆ ಓದಿದವಳು. ಅವಳ ಕೈಯಿಂದ ಬರೆಸಿದ ಕಾಗದ ನನ್ನ ಮೇಜಿನ ಮೇಲೆ ಇಟ್ಟಳು. 'ಬಲೆ ಹರಿದಿಲ್ಲ. ಕಣ್ಣು ಬಿಟ್ಟವಳು ನಾನು. ಕಟ್ಟಲು ದಾರ ಕೊಟ್ಟಿದ್ದೆ, ಮಾಸ್ತರರು ಕಟ್ಟಲಿಲ್ಲ.' ಕೆಳಗೆ ಆಕೆಯ ಹೆಬ್ಬೆಟ್ಟು. ಅದರ ಪಕ್ಕ ನನ್ನ ಸಹಿಗೆ ಖಾಲಿ ಜಾಗ.

"ಸಹಿ ಹಾಕ್ರಿ. ಪೇಪರನವರಿಗೆ ಕಳಸ್ತೀನಿ."

ಶ್ರೀಕೃಷ್ಣನ ಹನ್ನೆರಡು ಚೆಂಡು ಅದೇ ಕೋಣೆಯ ಮೂಲೆಯಲ್ಲಿ ಗಾಳಿ ತುಂಬಿಸಿಕೊಂಡು ಕೂತಿದ್ದವು. ಮುಂದಿನ ವರ್ಷ ಜರ್ಸಿ ಕೊಡುತ್ತೇನೆ ಎಂದಿದ್ದ. ಹೆಡ್‌ಮಾಸ್ತರರಿಗೆ ಏನು ಹೇಳುವುದು? ಜಿಲ್ಲೆಯ ಮಾಸ್ತರರೆಲ್ಲ ನಗುವುದಿಲ್ಲವೇ?

"ನೋಡೋಣ್ರಿ ಮದರಬಿ. ವಿಚಾರ ಮಾಡಿ ಹಾಕ್ತೀನಿ" ಎಂದೆ.

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಂದ ಗಂಟ ಹಾಕಾಕ ಆಗಲಿಲ್ಲ. ಒಂದ ಸಹಿ ಹಾಕಾಕೂ ಆಗೂದಿಲ್ಲೇನ್ರಿ?" ಎಂದು ಕಾಗದ ಅಲ್ಲೇ ಬಿಟ್ಟು ಹೋದಳು.

ಮೂರು ವರ್ಷ ಆ ಕಾಗದ ನನ್ನ ಡ್ರಾಯರಿನಲ್ಲಿತ್ತು. ಪ್ರಾರ್ಥನೆಯ ನಂತರ ಮಕ್ಕಳಿಗೆ ಸತ್ಯದ ಬಗ್ಗೆ ಭಾಷಣ ಮಾಡುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳಿ ತಾನು ಬದನೆಕಾಯಿ ತಿಂದವನ ಕಥೆ ಕೇಳಿದ್ದೀರಲ್ಲ, ಅವನು ರೋಣದವನೇ ಇರಬೇಕು.

೨೦೦೯ರ ಬೇಸಿಗೆಯಲ್ಲಿ ರೋಣದ ಸಂತೆಯಲ್ಲಿ ಹಗ್ಗ ಮಾರುವ ಗ್ಯಾನಪ್ಪನ ಅಂಗಡಿಯ ಮುಂದೆ ನಿಂತಿದ್ದೆ. ಮದರಬಿ ದಾರ ಕೊಳ್ಳಲು ಬಂದಳು.

"ಏ ಹರಕಬಲಿ, ಆ ಕಡೆ ಸರಿ" ಎಂದ ಗ್ಯಾನಪ್ಪ.

ನನಗೆ ಎಲ್ಲಿತ್ತೋ ಸಿಟ್ಟು. ಅವನ ಕೊರಳಪಟ್ಟಿ ಹಿಡಿದೆ. ಬಲೆ ಹರಿದಿರಲಿಲ್ಲ ಎಂದು ಸಂತೆಯೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ.

ಗ್ಯಾನಪ್ಪ ಗಾಬರಿಯಾಗಿ ಕೇಳಿದ, "ನಿಮಗ ಹ್ಯಾಂಗ ಗೊತ್ತ್ರಿ ಮಾಸ್ತರ?"

ನನ್ನ ಕೈ ಸಡಿಲಾಯಿತು. ಮದರಬಿ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ನಾನು ತಲೆ ತಗ್ಗಿಸಿ ಹೊರಟೆ. ಆಕೆ ದಾರ ಕೊಳ್ಳದೆ ಹೋದಳೆಂದು ಆಮೇಲೆ ಕೇಳಿದೆ.

ಮರುದಿನ ಬೆಳಿಗ್ಗೆ ಸಹಿ ಹಾಕಿದೆ. ಸಿಟ್ಟಿನ ಪಟ್ಟಿಯಲ್ಲಿ ಕೊನೆಗೆ ಇಟ್ಟುಕೊಂಡ ಹೆಸರು ಅದೇ, ಗೋಪಾಲಕೃಷ್ಣ, ಪೂರ್ತಿ ಅಕ್ಷರಗಳಲ್ಲಿ. ಮೊದಲ ಬಸ್ಸಿಗೆ ಹೊಳೆಮಣ್ಣೂರಿಗೆ ಹೋಗಿ ಕಾಗದವನ್ನೂ ಆ ಎರಡು ದಾರಗಳನ್ನೂ ಆಕೆಯ ಮುಂದೆ ಇಟ್ಟೆ. ಮದರಬಿ ಮೀನಿನ ಬಲೆ ಹೆಣೆಯುತ್ತಿದ್ದಳು. ಮುಬೀನಾ ಕಾಗದ ಓದಿ, ಸಹಿ ಬಿದ್ದಿದೆ ಎಂದು ಹೇಳಿದಳು. ಮದರಬಿಯ ಕೈ ನಿಲ್ಲಲಿಲ್ಲ. ಸೂಜಿ ಎತ್ತಿ ಬಾಗಿಲು ತೋರಿಸುತ್ತಾಳೆ ಎಂದುಕೊಂಡೆ, ತೋರಿಸಲಿಲ್ಲ. ಹಾಕುತ್ತಿದ್ದ ಗಂಟನ್ನು ಬಿಗಿದು ಮುಗಿಸಿ ನನ್ನನ್ನು ನೋಡಿದಳು.

"ಆಟ ಮುಗದು ಮೂರ ವರ್ಷ ಆತ್ರಿ ಮಾಸ್ತರ. ಈಗ ಆ ಗೋಲ ಕೊಡ್ತಾರೇನು?"