ಲೀಟಿಯಾಳ ಆಟದ ಮನೆ

"ಅಮ್ಮಾ, ಲೀಟಿಯಾ ನನ್ನ ಮಗಳಲ್ವಾ? ಮತ್ತೆ ನನ್ನ ಕೇಳ್ದೆ ಯಾಕೆ ಕೆಲಸಕ್ಕೆ ಹೋಗ್ತಾಳೆ?"

ಬೂಟಿನೊಳಗೆ ಕಾಲು ತೂರಿಸುತ್ತಾ ಆರು ವರ್ಷದ ಅರ್ನಾಕ್ ಕೇಳಿದಳು. ತಾಯಿ ಮಿಯಾಲಿಗೆ ನಗು ತಡೆಯಲಾಗಲಿಲ್ಲ. ಹುಡುಗಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ಅವಳಿಗೆ ಇಟ್ಟಿದ್ದು ಪಕ್ಕದ ಮನೆಯ ಲೀಟಿಯಾಳ ತೀರಿಹೋದ ತಾಯಿಯ ಹೆಸರು. ಈ ಹಿಮದ ನಾಡಿನಲ್ಲಿ ಹೆಸರು ಬಂದಮೇಲೆ ನಂಟೂ ಜೊತೆಗೇ ಬರುತ್ತದೆ. ಅರವತ್ತು ದಾಟಿದ ಲೀಟಿಯಾ ಈ ಪುಟ್ಟಿಯನ್ನು ಬಾಯಿತುಂಬ ಅಮ್ಮ ಎಂದು ಕರೆಯುತ್ತಿದ್ದಳು. ಅಮ್ಮನನ್ನು ಹೆತ್ತ ತಪ್ಪಿಗೆ ಇಪ್ಪತ್ತಾರರ ಮಿಯಾಲಿ ಅವಳಿಗೆ ಅಜ್ಜಿಯಾಗಿದ್ದಳು.

"ಮಗಳು ದೊಡ್ಡೋಳಾಗಿದ್ದಾಳೆ ಕಣೆ, ಯಾರನ್ನೂ ಕೇಳಲ್ಲ. ನೀನು ಟೋಪಿ ಎಳ್ಕೋ, ಕಿವಿ ಮುಚ್ಚಲಿ."

ಅರ್ನಾಕಳದು ಸೋರುವ ಕಿವಿ. ಕೊಲ್ಲಿಯ ಗಾಳಿ ಒಂದು ಗಳಿಗೆ ಹೊಕ್ಕರೂ ಸಾಕು, ಮನೆಯವರಿಗೆಲ್ಲ ಜಾಗರಣೆ.

ಕೊಲ್ಲಿಯ ದಂಡೆಯ ಮೇಲಿನ ರಾಷ್ಟ್ರೀಯ ಪಾರ್ಕಿನ ಕಚೇರಿಯಲ್ಲಿ ಲೀಟಿಯಾಳ ಕೆಲಸ. ಹಿಮನದಿಗಳ ಕಣಿವೆಗೆ ನಡೆದುಹೋಗುವ ಪ್ರವಾಸಿಗರೆಲ್ಲ ಮೊದಲು ಅವಳೆದುರು ಕೂತು ಹೇಳಿದ್ದನ್ನು ಕೇಳಬೇಕು. ತಿರುಗಿ ಬಂದಮೇಲೆ ಅವಳಿಗೇ ಮುಖ ತೋರಿಸಬೇಕು. ಮಿಯಾಲಿ ಬೆನ್ನಿನ ಜೋಳಿಗೆಯಲ್ಲಿ ತನ್ನ ಎರಡನೇ ಕೂಸನ್ನು ಹೊತ್ತು ಅಲ್ಲೇ ನೆಲ ಒರೆಸುತ್ತಿದ್ದಳು, ಚಹಾ ಕಾಯಿಸುತ್ತಿದ್ದಳು. ಹಾಗಾಗಿ ಲೀಟಿಯಾಳ ಪಾಠವೆಲ್ಲ ಅವಳಿಗೆ ಬಾಯಿಪಾಠ.

"ಹೊಳೆ ದಾಟೋದು ಬೆಳಗ್ಗೇನೇ. ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ನೀರು ಏರತ್ತೆ. ದಾಟೋವಾಗ ಚೀಲದ ಸೊಂಟದ ಪಟ್ಟಿ ಬಿಚ್ಚಿರಬೇಕು. ಬಿದ್ರೆ ಚೀಲ ಹೋಗ್ಲಿ, ನೀವು ಬನ್ನಿ."

"ಕರಡಿ ಇರತ್ತಾ?" ಎಂದು ಯಾರಾದರೂ ಕೇಳಿದರೆ ಲೀಟಿಯಾ ಹುಬ್ಬು ಮೇಲೆತ್ತುತ್ತಿದ್ದಳು. ಹುಬ್ಬೆತ್ತಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ. ಊರಿನ ಕೂಸಿಗೂ ಗೊತ್ತಿರುವ ಮಾತು. ಬಂದವರು ಮಾತ್ರ ಅವಳಿಗೆ ಆಶ್ಚರ್ಯವಾಯಿತೆಂದುಕೊಂಡು ಮತ್ತೆ ಮತ್ತೆ ಕೇಳುವರು. "ಇದೆ ಮಾರಾಯಾ, ನಿನಗಿಂತ ಮುಂಚೆ ಬಂದಿದೆ," ಎಂದು ಕೊನೆಗೆ ಬಾಯಿಬಿಡುವಳು.

ಆಮೇಲೆ ಗೋಡೆಯ ನಕಾಶೆ. ಬೆರಳು ಸರಸರ ಓಡಿ, ಒಂದು ಹೊಳೆ ಕೊಲ್ಲಿಗೆ ಸೇರುವಲ್ಲಿ ತುಸು ನಿಲ್ಲುತ್ತಿತ್ತು. "ಇಲ್ಲಿ ಹಳೇ ಡೇರೆಗಳ ಅಂಚಿಗೆ ಹೇರಿದ್ದ ಕಲ್ಲಿನ ಸುತ್ತುಗಳಿವೆ. ಒಂದು ಕಲ್ಲನ್ನೂ ಎತ್ತಬೇಡಿ."

ತಾನು ಹುಟ್ಟಿದ್ದು ಅಲ್ಲೇ ಎಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಮನೆಯವರೆಲ್ಲ ಊರಿಗೆ ಬಂದುಬಿಟ್ಟಿದ್ದರು. ತಾಯಿ ಮಾತ್ರ ಕಡೆಯವರೆಗೂ ಕಿಟಕಿಯ ಪಕ್ಕ ಕೂತು "ಐಸ್ ಕರಗ್ಲಿ, ಅಲ್ಲಿಗೆ ಹೋಗಿ ಬರೋಣ" ಎನ್ನುತ್ತಿದ್ದಳು. "ಮುಂದಿನ ಬೇಸಿಗೆಗೆ ಖಂಡಿತ ಅಮ್ಮಾ," ಎನ್ನುತ್ತಿದ್ದಳು ಲೀಟಿಯಾ. ಎಷ್ಟೋ ಬೇಸಿಗೆಗಳು ಹಾಗೇ ಹೋದವು. ಒಂದು ಚಳಿಗಾಲ ತಾಯಿಯೂ ಹೋದಳು.

ಅಣ್ಣನ ಮಗ ಜೋನಾಸಿ, ದೋಣಿಯವನು, ಛೇಡಿಸದೆ ಬಿಡುತ್ತಿರಲಿಲ್ಲ. "ಅತ್ತೆ, ಜಗತ್ತನ್ನೆಲ್ಲ ಕಣಿವೆ ಒಳಗೆ ಕಳಿಸ್ತೀಯ, ನೀನು ಬಾಗಿಲು ಕಾಯ್ತೀಯ. ಕರಡಿ ಭಯಾನಾ?"

"ಕರಡಿಗೇ ನನ್ನ ಭಯ. ನಾನು ಕಳಿಸಿದೋರು ಒಳಗಿರೋವಾಗ ನಾನು ಹೇಗೋ ಎದ್ದು ಹೋಗ್ಲಿ?"

ಹೆಚ್ಚಿನ ವರ್ಷ ಕಡೆಯವರು ಹೊರಗೆ ಬರುವ ಹೊತ್ತಿಗೆ ಕೊಲ್ಲಿಯ ನೀರು ಐಸಿನ ಕೆನೆಗಟ್ಟಿ, ದೋಣಿ ಇಳಿಸುವಂತಿರುತ್ತಿರಲಿಲ್ಲ.

ಈ ವರ್ಷ ಕಡೆಯ ಜೋಡಿ ಬೇಗ ಬಂತು. ಮೂಗಿನ ಸಿಪ್ಪೆ ಎದ್ದ ಗಂಡ, ಕಾಲಿಗೆ ಬೊಬ್ಬೆ ಬಂದ ಹೆಂಡತಿ. ಮಿಯಾಲಿ ಕರಿದ ರೊಟ್ಟಿ, ಚಹಾ ಇಟ್ಟಳು. ಆ ಹೆಂಗಸು ಕ್ಯಾಮೆರಾ ತೆಗೆದು ಒಂದೊಂದೇ ಚಿತ್ರ ತೋರಿಸುತ್ತಾ ಹೋದಳು. ಆ ಹೊಳೆ ಕೊಲ್ಲಿಗೆ ಸೇರುವ ಜಾಗ ಬಂತು. ಪಾಚಿ ಕಟ್ಟಿದ ದೊಡ್ಡ ಕಲ್ಲಿನ ಸುತ್ತು, ಅದರ ಮಗ್ಗುಲಲ್ಲೇ ಅಂಗೈಯಗಲದ ಕಲ್ಲುಗಳ ಇನ್ನೊಂದು ಸುತ್ತು.

"ರಾತ್ರಿ ಗಾಳಿ ಎದ್ದು ಡೇರೆ ಹಾರೇ ಹೋಗ್ತಿತ್ತು," ಎಂದ ಗಂಡ. "ದೊಡ್ಡ ಕಲ್ಲು ಮುಟ್ಟಲಿಲ್ಲ, ನೀವು ಹೇಳಿದ್ರಲ್ಲ. ಈ ಚಿಕ್ಕವು ಯಾವುದೋ ಒಲೆ ಇರಬೇಕು ಅಂತ, ಡೇರೆ ಅಂಚಿಗೆ ಹೇರೋಕೆ ಮೂರು ತಗೊಂಡ್ವಿ."

ಲೀಟಿಯಾ ಪರದೆಗೆ ಮುಖ ತಾಗುವಷ್ಟು ಬಗ್ಗಿದಳು. "ಯಾವ ಮೂರು?"

ಅವನು ಬೆರಳಿಟ್ಟು ತೋರಿಸಿದ. "ಹೊಳೆ ಕಡೆ ಹುಲ್ಲಲ್ಲೇ ಬಿಟ್ಟು ಬಂದ್ವಿ. ತಪ್ಪಾಯ್ತಾ?"

"ರೊಟ್ಟಿ ತಿನ್ನಿ, ಆರತ್ತೆ," ಎಂದಳು ಲೀಟಿಯಾ.

ಅವರು ಹೋದಮೇಲೂ ನಕಾಶೆಯ ಮುಂದಿನಿಂದ ಅವಳು ಕದಲಲಿಲ್ಲ. ಮಿಯಾಲಿ ಲೋಟ ತೊಳೆಯುತ್ತಾ, "ನಾಲ್ಕು ಮಾತು ಬೈಬೇಕಿತ್ತು ಲೀಟಿಯಕ್ಕ," ಎಂದಳು.

"ಬೈಯೋದ್ಯಾಕೆ ಅಜ್ಜಿ? ಅವರ ಮನೆ ಹಾರ್ತಿತ್ತು. ನನ್ನ ಮನೆ ಅದನ್ನ ಹಿಡ್ಕೊಳ್ತು."

"ನಿನ್ನ ಮನೆ?"

"ನನ್ನ ಆಟದ ಮನೆ. ಅಮ್ಮ ಮೀನು ಸೀಳ್ತಾ ಸೀಳ್ತಾ ಕಲ್ಲು ಆರಿಸಿ ಕೊಡೋಳು. ಇದು ನಿನ್ನ ದೀಪ, ಇದು ಬಾಗಿಲು, ಇದರ ಮೇಲೆ ನೀನು ಮಲ್ಕೋ ಅಂತ. ಅವರು ತೆಗೆದಿದ್ದು ಆ ಬಾಗಿಲಿನ ಕಲ್ಲುಗಳನ್ನೇ." ಅವಳ ಬೆರಳು ನಕಾಶೆಯ ಅದೇ ಜಾಗದಲ್ಲಿತ್ತು. "ಬಾಗಿಲಿಲ್ದೆ ಬಿದ್ದಿದೆ ಈಗ."

ಇಷ್ಟು ಉದ್ದದ ಮಾತನ್ನು ಲೀಟಿಯಾ ತನ್ನ ಬಗ್ಗೆ ಆಡಿದ್ದನ್ನು ಮಿಯಾಲಿ ಕೇಳಿರಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಸಂಜೆ ಒಣಗಿಸಿದ ಮೀನಿನ ಗಂಟು ಹಿಡಿದು ಲೀಟಿಯಾ ಮಿಯಾಲಿಯ ಮನೆಗೆ ಬಂದಳು. ಬಾಗಿಲು ತೆಗೆದವಳು ಅರ್ನಾಕ್. ಲೀಟಿಯಾ ನೋಯುವ ಮಂಡಿ ಮಡಿಸಿ ಅವಳೆದುರು ಕೂತು, ಕಿವಿಯ ಹತ್ತಿರ ಏನೋ ಕೇಳಿದಳು. ಹುಡುಗಿ ಎರಡೂ ಹುಬ್ಬುಗಳನ್ನು ಹಣೆಯ ತನಕ ಎತ್ತಿದಳು.

"ಏನದು ಗುಟ್ಟು?" ಎಂದಳು ಮಿಯಾಲಿ, ಕೂಸಿಗೆ ಹಾಲೂಡಿಸುತ್ತಾ.

"ನಾಳೆ ಜೋನಾಸಿ ದೋಣಿ ತೆಗೀತಾನೆ. ಬೆಳಕು ಹರಿದಾಗ ಆ ಕಲ್ಲುಗಳ ಹತ್ರ ಹೋಗಿ ಸಂಜೆಗೆ ವಾಪಸ್."

"ಹೋಗಿ ಬಾ ಅಕ್ಕ! ಈಗಂತೂ ಒಳಗೆ ಯಾರೂ ಇಲ್ಲ."

"ಹೀಗೆ ಯಾರೂ ಇಲ್ಲದ ವರ್ಷಾನೂ ಇತ್ತು, ಆಗಲೂ ನಾನು ಹೋಗ್ಲಿಲ್ಲ. ಅಮ್ಮನ್ನ ಕರ್ಕೊಂಡು ಹೋಗ್ತೀನಿ ಅಂದಿದ್ದೋಳು ಒಬ್ಬಳೇ ಹೋಗೋದು ಹೇಗೆ? ಅಮ್ಮನ ಹೆಸರು ಇವಳಿಗೆ ಬಂದಾಗಿಂದ ಕಾದೆ, ಆ ಕಲ್ಲುಗಳ ಮೇಲೆ ತನ್ನ ಕಾಲಲ್ಲೇ ನಡೀಲಿ ಅಂತ."

ಮಿಯಾಲಿಯ ಕೈ ಕೂಸಿನ ಬೆನ್ನ ಮೇಲೆ ನಿಂತಿತು. ತೆರೆದ ದೋಣಿ. ಸೆಪ್ಟೆಂಬರಿನ ಗಾಳಿ. ಸೋರುವ ಕಿವಿ. ಹಾಲು ಕುಡಿಯುವ ಕೂಸನ್ನು ಬಿಟ್ಟು ತಾನು ಜೊತೆಗೆ ಹೋಗುವಂತಿಲ್ಲ. ಅರ್ನಾಕ್ ಆಗಲೇ ಬೂಟುಗಳನ್ನು ಬಾಗಿಲ ಬಳಿ ಜೋಡಿಸಿಟ್ಟು, ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು ನಿಂತಿದ್ದಳು.

ಲೀಟಿಯಾ ಮೀನಿನ ಗಂಟನ್ನು ಮೇಜಿನ ಮೇಲಿಟ್ಟಳು. ತುಪ್ಪಳದ ಅಂಚಿನ ತನ್ನ ಹಳೆಯ ಟೋಪಿಯೊಂದನ್ನು ಒಳಕಿಸೆಯಿಂದ ತೆಗೆದು ಅದರ ಪಕ್ಕದಲ್ಲಿಟ್ಟಳು.

"ಅಮ್ಮನ್ನ ಕೇಳಿದ್ದಾಯ್ತು, ಒಪ್ಕೊಂಡಿದ್ದಾಳೆ. ಅಮ್ಮನ ಅಮ್ಮನ್ನ ಕೇಳ್ದೆ ಹೋಗೋ ಹಾಗಿಲ್ಲ. ಒಂದೇ ಒಂದು ದಿನ ಕಳಿಸಿಕೊಡು ಅಜ್ಜಿ. ಬಾಯಲ್ಲಿ ಹೇಳೋಕೆ ಕಷ್ಟ ಆದ್ರೆ ಬೇಡ, ಸುಮ್ನೆ ಹುಬ್ಬು ಎತ್ತು."