ಇನ್ನಾಸಪ್ಪನ ಕೋಲು
ಕಾಮಸಮುದ್ರದ ರಸ್ತೆಯಲ್ಲಿರುವ ಆ ಚಿಕ್ಕ ಚರ್ಚನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು, ಅದರ ಬೀಗದ ಕೈ ಇನ್ನಾಸಪ್ಪನ ಹತ್ತಿರ ಇಲ್ಲದಿದ್ದರೆ. ಚಿನ್ನದ ಗಣಿಯಲ್ಲಿ ದುಡಿದು, ಗಣಿ ಮುಚ್ಚಿದ ಮೇಲೆ ಚರ್ಚು ಕಾಯುತ್ತಿರುವ ಈ ಮನುಷ್ಯ ಬಾಗಿಲು ತೆರೆಯುತ್ತಾನೆ, ಆದರೆ ಒಳಗೆ ಬಿಡುವುದಿಲ್ಲ. ಮೊದಲು ಹೊಸ್ತಿಲಲ್ಲೇ ನಿಲ್ಲಿಸಿ ಚರಿತ್ರೆಯ ಪಾಠ: "ಗೋಡೆ ಕಲ್ಲು ಇಲ್ಲೀ ಬಂಡೇದೇ ಸ್ವಾಮಿ, ತೊಲೆ ಗಣಿಗೆ ತರಿಸಿದ್ದ ಮರ, ಗಂಟೆ ಮಾತ್ರ ಸೀಮೆಯಿಂದ ಹಡಗಿನಾಗೆ ಬಂದಿದ್ದು." ಕಟ್ಟಿ ಎಷ್ಟು ವರ್ಷವಾಯಿತೆಂದು ಕೇಳಿದರೆ ಹೋದ ಸಲ ನೂರು ಅಂದವನು ಈ ಸಲ ನೂರೈವತ್ತು ಅನ್ನುತ್ತಾನೆ. ಪಾಠ ಮುಗಿಯಿತಲ್ಲ ಎಂದುಕೊಂಡರೆ, ಒಬ್ಬನೇ ಒಳಗೆ ಹೋಗಿ ಉದ್ದನೆಯ ಕೋಲಿನಿಂದ ಕಮಾನು, ತೊಲೆ, ಚಾವಣಿ ಎಲ್ಲವನ್ನೂ ತಟ್ಟುತ್ತಾನೆ. ಒಂದೊಂದು ಏಟಿಗೂ ಕಿವಿಗೊಟ್ಟು ನಿಲ್ಲುತ್ತಾನೆ. ಮದುವೆಗೆ ಬಂದ ಹೆಣ್ಣು ಗಂಡು ಬಿಸಿಲಲ್ಲಿ ಬೆಂದರೂ ಅಷ್ಟೇ, ಫಾದರ್ ಗಡಿಯಾರ ತೋರಿಸಿದರೂ ಅಷ್ಟೇ. "ತಾಳಿ ಸ್ವಾಮಿ, ಸದ್ದು ಕೇಳ್ಬೇಕು. ಗಟ್ಟಿ ಇದ್ರೆ ಟಣ್ ಅಂತದೆ, ಸಡಿಲ ಆಗಿದ್ರೆ ಬೊದ್ ಅಂತದೆ. ಗಣಿಯಾಗೆ ನಮಗೆ ಮೊದ್ಲು ಕಲಿಸಿದ್ದೇ ಇದು, ತಲೆ ಮೇಲಿನ ಬಂಡೆ ತಟ್ಟಿ ನೋಡೋದು." ಕಲಿಸಿದವನು ಸಿಕ್ಕಿದರೆ ಎರಡು ಮಾತು ಕೇಳಬೇಕು ಅನ್ನಿಸುತ್ತದೆ. ಮೊನ್ನೆ ಬಂಗಾರಪೇಟೆಗೆ ಹೋಗಿ ಹಿಡಿಯಬೇಕಾದ ರೈಲು ತಪ್ಪುವ ಹೊತ್ತಾಗಿ ನಾನು ರೇಗಿಯೇ ಬಿಟ್ಟೆ: "ಇಷ್ಟು ವರ್ಷ ಬೀಳದ್ದು ಇವತ್ತೇ ಬೀಳುತ್ತೇನ್ರೀ? ಬನ್ನಿ ಸಾಕು!" ಆತ ಕೋಲು ಇಳಿಸಲಿಲ್ಲ, ತಿರುಗಿಯೂ ನೋಡಲಿಲ್ಲ. "ಗಣಿಯೊಳಗೆ ನಮ್ಮಣ್ಣಾನೂ ಇಂಗೇ ರೇಗಿದ ಸ್ವಾಮಿ. ಅವತ್ತು ತಟ್ಟೋದು ಬಿಟ್ಬಿಟ್ಟೆ."