ಬಂದ್ ದಿನ ಅಂಗೈಯಲ್ಲಿದ್ದವನು

ಶರಣ ಬಂಧುಗಳೇ, ಏಳು ವರ್ಷದ ನನ್ನ ಮಗಳು ಗೌರಿಗೆ ಉಬ್ಬಸ ಕೆರಳಿದ್ದು ಬಂಗಾಳ ಬಂದ್ ದಿನವೇ. ಯಜಮಾನರು ರೈಲ್ವೆ ಡ್ಯೂಟಿಯ ಮೇಲೆ ಖರಗ್‌ಪುರದಲ್ಲಿದ್ದರು. ಲೇಕ್ ಮಾರ್ಕೆಟ್ ಹತ್ತಿರದ ನಮ್ಮ ಮನೆಯೆದುರು ಬಸ್ಸಿಲ್ಲ, ಟ್ಯಾಕ್ಸಿಯಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಇನ್‌ಹೇಲರ್ ಕೊಟ್ಟರೂ ಅವಳ ತುಟಿ ನೀಲಿಯಾಗತೊಡಗಿತು.

ಮನೆಯಲ್ಲಿದ್ದವನು ಮೈದುನ ಶಿವಾನಂದ ಒಬ್ಬನೇ. ಸೆಕ್ಟರ್ ಫೈವ್‌ನಲ್ಲಿ ಐಟಿ ಕಂಪನಿಗಳು ಒಂದರ ಹಿಂದೊಂದು ಏಳುತ್ತಿದ್ದಾಗ ಕೆಲಸ ಸಿಕ್ಕು ನಮ್ಮಲ್ಲಿಗೆ ಬಂದಿದ್ದ. ಕೊರಳಿನ ಇಷ್ಟಲಿಂಗವನ್ನು ಕಾಲೇಜಿನಲ್ಲೇ ತೆಗೆದಿಟ್ಟವನು. ನಾನು ಪೂಜೆಗೆ ಕೂತಾಗಲೆಲ್ಲ, ಕಲ್ಲಿನ ಜೊತೆ ಮಾತು ಮುಗಿಯಿತೇ ಎಂದು ಕೆಣಕುತ್ತಿದ್ದ. ಮಾತಿಗೆ ಮಾತು ಕೊಡಲು ನನಗೂ ಬರುತ್ತದೆ, ಸೋತದ್ದು ಕಡಿಮೆ. ಅಂದು ಮಾತ್ರ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕೂತ ನನ್ನನ್ನು ನೋಡಿ ಅವನು ರೇಗಿಬಿಟ್ಟ.

"ಹುಡುಗಿ ಉಸಿರಿಗೆ ಒದ್ದಾಡಾಕತ್ತಾಳ, ನೀವು ಹಿಂಗ ಕುಂತೀರಿ. ಆ ಕಲ್ಲು ಗಾಡಿ ಕಳಸ್ತೈತೇನ್ರಿ ವೈನಿ?"

ಅವನು ಹೇಳುವುದೇ ನಿಜವೇನೋ ಎಂದು ಮೊದಲ ಸಲ ಅನ್ನಿಸಿತು. ಆದರೂ ಲಿಂಗವನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ. ತಂದೆ, ಈ ಕೂಸಿನ ಉಸಿರು ಉಳಿಸು ಎಂದಷ್ಟೇ ಬೇಡಿಕೊಂಡೆ.

ಕೆಳಗೆ ಹಾರ್ನ್ ಕೇಳಿಸಿತು. ಶಿವಾನಂದನ ಕಂಪನಿಯ ಗಾಡಿ! ಅವನಿಗೆ ಅಂದು ರಜೆ. ಯಾರದೋ ಕಣ್ತಪ್ಪಿನಿಂದ ಅವನನ್ನು ಕರೆದೊಯ್ಯಲು ಬಂದಿತ್ತು. ಗಾಜಿನ ಮೇಲೆ ಐಟಿ ಡ್ಯೂಟಿಯ ಚೀಟಿಯಿದ್ದರೆ ಬಂದ್‌ನಲ್ಲೂ ಸಾಮಾನ್ಯವಾಗಿ ಬಿಡುತ್ತಿದ್ದರು. ಅವನೇ ಗೌರಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಲಿಂಗವನ್ನು ಮುಷ್ಟಿಯಲ್ಲೇ ಹಿಡಿದು ನಾನು ಹಿಂದೆ ಓಡಿದೆ.

ರಾಸ್‌ಬಿಹಾರಿ ಚೌಕದಲ್ಲಿ ಬಾವುಟ ಹಿಡಿದವರು ಅಡ್ಡಗಟ್ಟಿದರು. ಶಿವಾನಂದನ ಕಾರ್ಡ್ ನೋಡಿ, ಇವರೂ ಐಟಿಯವರೇನು ಎಂದು ಕೇಳುತ್ತ ನನ್ನತ್ತ ಕೈ ಮಾಡಿದರು. ಬಾನೆಟ್ ಮೇಲೆ ಗುದ್ದು ಬಿತ್ತು. ಗೌರಿಯ ಎದೆ ಸೀಟಿ ಹೊಡೆಯುತ್ತಿತ್ತು. ಒಬ್ಬ ಕಿಟಕಿಯೊಳಗೆ ತಲೆ ಹಾಕಿ, ಮುಷ್ಟಿಯಲ್ಲೇನು ಬಚ್ಚಿಟ್ಟಿದ್ದೀಯ ಎಂದು ಗದರಿದ. ನಾನು ಮುಷ್ಟಿಯನ್ನು ಎದೆಗೊತ್ತಿಕೊಂಡೆ.

"ಠಾಕುರ್," ಎಂದ ಶಿವಾನಂದ.

ಬಂಗಾಳಿಯಲ್ಲಿ ದೇವರನ್ನು ಹಾಗೆನ್ನುತ್ತಾರೆ. ಆ ಮನುಷ್ಯ ಗೌರಿಯ ಮುಖ ನೋಡಿದ, ನನ್ನ ಕೈ ನೋಡಿದ. ಹಣೆ ಮುಟ್ಟಿಕೊಂಡು ಹಿಂದೆ ಸರಿದ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಸಂಜೆಯ ಹೊತ್ತಿಗೆ ಗೌರಿ ಕಾಕಾನ ಹತ್ತಿರ ಬಿಸ್ಕತ್ತು ಕೇಳಿದಳು. ನಾನು ವರಾಂಡದಲ್ಲಿ ನಿಂತು ಮನಸಾರೆ ಅತ್ತೆ.

ದಾರಿ ಬಿಡಿಸಲು ಹಾಗೆಂದೆ, ಅವರು ಬಿಟ್ಟದ್ದು ಹುಡುಗಿಯ ಮುಖ ನೋಡಿ ಎಂದು ಶಿವಾನಂದ ಇವತ್ತಿಗೂ ವಾದಿಸುತ್ತಾನೆ. ವಾದಿಸಲಿ ಬಿಡಿ. ನಾನು ಬೇಡಿದ್ದು ಮಗಳ ಉಸಿರೊಂದನ್ನೇ. ನನ್ನ ನಂಬಿಕೆಯೇ ಅಲುಗಾಡಿದ್ದ ಹೊತ್ತಿನಲ್ಲಿ ಅದನ್ನು ಕೊಟ್ಟವನು, ತನ್ನನ್ನು ಕಲ್ಲೆಂದವನ ಬಾಯಲ್ಲೇ ತನ್ನ ಹೆಸರನ್ನೂ ಹೇಳಿಸಿದ. ಆ ಕರುಣೆಗೆ ಶರಣು ಶರಣಾರ್ಥಿ.